ಗಿಳಿಹಸಿರು ಅಂಗಿಯ ಸವಾರಿ

ಹನುಮಂತರಾಜುವಿಗೆ ಬೇಕಾಗಿದ್ದುದು ಒಂದೇ ಒಂದು ಭಾನುವಾರದ ಬೆಳಗು. ಜೊತೆಗೆ ಯಾರೂ ಇರಬಾರದು, ಯಾರ ಮಾತಿಗೂ ತಲೆಯಾಡಿಸುವ ಕೆಲಸವಿರಬಾರದು. ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ ಅವನಿಗೆ 'ಆಗಲ್ಲ' ಎನ್ನುವ ಮಾತು ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಅವನ ಭಾನುವಾರಗಳೆಲ್ಲ ಬೀದಿಯವರ ಪಾಲಾಗಿದ್ದವು. ಒಂದು ವಾರ ಪಕ್ಕದ ಮನೆಯ ಗ್ಯಾಸ್ ಸಿಲಿಂಡರ್, ಇನ್ನೊಂದು ವಾರ ಯಾರದೋ ನಾಮಕರಣಕ್ಕೆ ಬಾಳೆ ಎಲೆ. ಸಂಸಾರದಲ್ಲಿದ್ದುಕೊಂಡು ಸನ್ಯಾಸವಂತೂ ಸಿಗದು, ಒಂದು ಎಲೆಕ್ಟ್ರಿಕ್ ಸೈಕಲ್ಲಾದರೂ ಸಿಗಲಿ, ಬೆಳಗ್ಗೆ ಎದ್ದು ಯಾರ ಕಣ್ಣಿಗೂ ಬೀಳದ ಹಾಗೆ ಹೊರಟುಬಿಡೋಣ ಎಂದು ಅವನು ತೀರ್ಮಾನಿಸಿದ.

ಸೈಕಲ್ ಕೊಳ್ಳಲು ಗುಟ್ಟಾಗಿಯೇ ಹೊರಟಿದ್ದ. ಆದರೆ ಆ ಬೀದಿಯಲ್ಲಿ ಗುಟ್ಟಿಗೆ ಆಯಸ್ಸು ಕಮ್ಮಿ. ಬಿ.ಎಚ್. ರಸ್ತೆಯ ಅಂಗಡಿ ಮುಟ್ಟುವಷ್ಟರಲ್ಲಿ ಎದುರು ಮನೆಯ ಅಂಜನ್‌ಕುಮಾರ್ ಮತ್ತು ನಿವೃತ್ತ ಡ್ರಿಲ್ ಮೇಷ್ಟ್ರು ಕೆಂಪಯ್ಯ ಅಲ್ಲಿ ಆಗಲೇ ಹಾಜರಿದ್ದರು.

ಹನುಮಂತರಾಜುವಿನ ಕಣ್ಣು ಬಿದ್ದದ್ದು ಮುಂದೆ ಪುಟ್ಟ ಬುಟ್ಟಿಯಿದ್ದ, ಕಾಲು ಎತ್ತದೆ ಹತ್ತಬಹುದಾದ ಒಂದು ಬೂದು ಸೈಕಲ್ಲಿನ ಮೇಲೆ.

"ಅಯ್ಯೋ ಅಣ್ಣ, ಅದು ತರಕಾರಿಗೆ ಹೋಗೋರ್ದು," ಎಂದ ಅಂಜನ್‌ಕುಮಾರ್. "ಇದ್ ನೋಡಿ, ಫ್ಯಾಟ್ ಟೈರು! ನಮ್ ರೋಡಲ್ಲಿ ಗುಂಡಿಗಿಳಿದ್ರೂ ಗೊತ್ತಾಗಲ್ಲ."

"ಬ್ಯಾಟರಿ ಎಷ್ಟು ದೂರ ಬರುತ್ತೆ?" ಎಂದು ಹನುಮಂತರಾಜು ಅಂಗಡಿಯವನನ್ನು ಕೇಳಿದ.

"ಪೆಡಲ್ ತುಳ್ಕೊಂಡ್ ಹೋದ್ರೆ ಗುಬ್ಬಿಗೆ ಹೋಗಿ ಬರ್ಬೋದು ಸರ್. ಬರೀ ಆಕ್ಸಿಲೇಟ್ರು ತಿರುವ್ಕೊಂಡ್ ಹೋದ್ರೆ ಹೋಗೋದಕ್ಕೆ ಮಾತ್ರ ಗ್ಯಾರಂಟಿ."

ಈ ಮಾತನ್ನು ಹನುಮಂತರಾಜು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಅವನನ್ನು ಬಟ್ಟೆಯ ಕಪಾಟಿನ ಮುಂದೆ ನಿಲ್ಲಿಸಿದ್ದರು. "ಪ್ಯಾಂಟ್ ಹಾಕ್ಕಂಡ್ ತುಳಿದ್ರೆ ಚೈನಿಗೆ ಸಿಕ್ಕಂಡ್ ಮುಗ್ಗರಿಸ್ತೀಯ ಕಣ್ಲಾ ರಾಜು. ಕಾಟನ್ ಬನೀನು ಬೆವರು ಕುಡ್ದು ಒದ್ದೆ ಗೋಣಿಚೀಲ ಆಯ್ತದೆ. ಮೈಗಂಟೋ ಚಡ್ಡೀನೇ ಬೇಕು, ಕೂರೋ ಕಡೆ ದಿಂಡಿರೋದು. ಇಲ್ದಿದ್ರೆ ಸೋಮವಾರ ಆಫೀಸಲ್ಲಿ ನಿಂತ್ಕಂಡೇ ಕೆಲ್ಸ ಮಾಡ್ಬೇಕಾಯ್ತದೆ."

ಮನೆಯಿಂದ ವಿಡಿಯೊ ಕಾಲಿನಲ್ಲಿದ್ದ ಹೆಂಡತಿ ಗಂಗಲಕ್ಷ್ಮಿ ಬಣ್ಣದ ಖಾತೆ ವಹಿಸಿಕೊಂಡಳು. "ಎದ್ದು ಕಾಣೋ ಬಣ್ಣ ತಗೊಳ್ರೀ. ಲಾರಿಯವ್ನಿಗೆ ಮೈಲಿ ದೂರದಿಂದ್ಲೇ ಕಾಣ್ಬೇಕು."

ಕೊನೆಗೆ ಅವನ ಪಾಲಿಗೆ ಬಂದದ್ದು ಎಮ್ಮೆಯಷ್ಟು ತೂಕದ ಸೈಕಲ್ಲು, ಗಿಳಿಹಸಿರು ಅಂಗಿ, ತೊಡೆಗೆ ಅಂಟಿಕೊಂಡ ಕರಿ ಚಡ್ಡಿ, ಜೊತೆಗೊಂದು ಹೆಲ್ಮೆಟ್ಟು. ಕನ್ನಡಿ ನೋಡಿಕೊಂಡಾಗ ಹೊಲದ ಬೆರ್ಚಪ್ಪನೇ ಹೆಚ್ಚು ಮರ್ಯಾದಸ್ಥನೆನಿಸಿತು. ಆದರೂ ಬೇಜಾರಾಗಲಿಲ್ಲ. ತಾನು ಬೀಳಬಾರದು, ಬೆವರಬಾರದು, ಲಾರಿಗೆ ಸಿಗಬಾರದು ಎಂದು ಇಷ್ಟು ಜನ ತಲೆ ಕೆಡಿಸಿಕೊಂಡರಲ್ಲ ಎಂದು ಅವನಿಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಭಾನುವಾರ ಬೀದಿ ಏಳುವ ಮುಂಚೆಯೇ ಹೊರಟ. ಹೆಗ್ಗೆರೆ ದಾಟುವಾಗ ತಂಗಾಳಿ, ಮಲ್ಲಸಂದ್ರ ದಾಟುವಾಗ ಎಳೆಬಿಸಿಲು. 'ಸ್ವಲ್ಪ ಬರ್ತೀರಾ ಅಣ್ಣ' ಎನ್ನುವ ದನಿ ಎಲ್ಲಿಯೂ ಇಲ್ಲ. ಸೈಕಲ್ಲು ತಾನಾಗಿಯೇ ಹೋಗುತ್ತಿರುವಾಗ ಕಾಲಿಗೇಕೆ ತೊಂದರೆ ಎಂದು ಪೆಡಲ್ ತುಳಿಯುವುದನ್ನೇ ಮರೆತ. ಅದೇ ಖುಷಿಯಲ್ಲಿ ಗುಬ್ಬಿಯನ್ನೂ ದಾಟಿ ತೆಂಗಿನ ತೋಟಗಳ ನಡುವಿನ ಹಳ್ಳಿದಾರಿಗೆ ತಿರುಗಿದ. ಅಲ್ಲಿ ಒಂದು ಏರಿನಲ್ಲಿ ಸೈಕಲ್ಲು ನಿಟ್ಟುಸಿರಿಟ್ಟು ನಿಂತಿತು.

ತುಳಿದು ನೋಡಿದ. ಬ್ಯಾಟರಿ ಸತ್ತ ಮೇಲೆ ಆ ದಪ್ಪ ಟೈರು ನೆಲ ಬಿಟ್ಟು ಏಳಲೊಲ್ಲದು. ಹತ್ತು ಮಾರು ತುಳಿಯುವಷ್ಟರಲ್ಲಿ ಅವನ ನಾಲಗೆ ಹೊರಗೆ ಬಂತು.

ದಾರಿಬದಿಯ ಆಲದ ಮರದಡಿ ಮೊಪೆಡ್ ನಿಲ್ಲಿಸಿಕೊಂಡು ಕೂತಿದ್ದ ಒಬ್ಬ ಎದ್ದು ಬಂದ. ತಲೆಗೆ ಟವೆಲ್ಲು, ಬಾಯಲ್ಲಿ ಎಲೆಯಡಿಕೆ. ಹೆಸರು ಯಲ್ಲಯ್ಯ ಎಂದ.

"ಏನ್ ಸ್ವಾಮಿ, ಸರ್ಕಸ್ನೋರಾ?"

"ಅಲ್ಲಪ್ಪ, ಚಾರ್ಜ್ ಮುಗ್ದೋಯ್ತು. ಚಾರ್ಜರ್ ಇದೆ. ಎಲ್ಲಾದ್ರೂ ಒಂದ್ ಪ್ಲಗ್ ಸಿಕ್ಕಿದ್ರೆ ಸಾಕು."

ಯಲ್ಲಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಅವನ ಮುಖದಲ್ಲಿ ಏನೋ ಹೊಳೆದಂತಾಯಿತು. "ಬನ್ನಿ, ನಾನ್ ತೋರಿಸ್ತೀನಿ," ಎಂದು ಮೊಪೆಡ್ ಅಲ್ಲೇ ಬಿಟ್ಟು ಸೈಕಲ್ಲನ್ನು ಹಿಂದಿನಿಂದ ತಳ್ಳತೊಡಗಿದ. ಮೊದಲ ಮನೆಯಲ್ಲಿ ಟಿವಿ ಗದ್ದಲ ಕೇಳುತ್ತಿತ್ತು. "ಅಲ್ಲಿ ವೋಲ್ಟೇಜ್ ಕಮ್ಮಿ," ಎಂದ ಯಲ್ಲಯ್ಯ. ಎರಡನೆಯ ಮನೆಯಲ್ಲಿ ಮಿಕ್ಸಿ ಗಿರ್ರೆನ್ನುತ್ತಿತ್ತು. "ಅವ್ರದ್ದು ನಾಯಿ ಸರಿಯಿಲ್ಲ," ಎಂದ. ಕೊನೆಗೆ ತೋಟದಂಚಿನ ಒಂದು ದೊಡ್ಡ ಮನೆಯ ಮುಂದೆ ನಿಲ್ಲಿಸಿದ. ಇಂಥ ಉಪಕಾರಿ ಎಲ್ಲಿ ಸಿಕ್ಕಾನು ಎಂದು ಹನುಮಂತರಾಜುವಿನ ಕಣ್ಣು ಮಂಜಾಯಿತು.

ಬಾಗಿಲಿಗೆ ಬಂದವರು ಮನೆಯ ಯಜಮಾನ ಅಣ್ಣಯ್ಯಪ್ಪ. ಹಿಂದೆಯೇ ಅವರ ತಾಯಿ ಕೊಲ್ಲಾಪುರಮ್ಮ. ಅಜ್ಜಿ ಚಡ್ಡಿಯನ್ನು ನೋಡಿದವಳೇ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿ, ಒಂದು ಬಿಳಿ ಪಂಚೆ ತಂದು ಅವನ ಕೈಗಿಟ್ಟಳು. "ಉಟ್ಕಳಪ್ಪ ಮಗಾ. ಯಾರೋ ಬಟ್ಟೆ ಕಿತ್ಕಂಡ್ ಕಳಿಸವ್ರೆ ಅಂತ ಕಾಣ್ತದೆ."

ಪಂಚೆ ಸುತ್ತಿಕೊಂಡಾಗ ಹನುಮಂತರಾಜುವಿಗೆ ಹೋದ ಮಾನ ವಾಪಸು ಬಂದಂತಾಯಿತು. ಆ ಕೈಗಳಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದ.

"ಯಾವ್ ಕಡೆಯಿಂದ ಬಂದ್ರಿ ಸ್ವಾಮಿ?" ಎಂದು ಅಣ್ಣಯ್ಯಪ್ಪ ಚಾರ್ಜರಿಗೆ ಪ್ಲಗ್ಗು ತೋರಿಸಿ, ಎಳನೀರು ಕೆತ್ತಿಸಿ ಕೊಟ್ಟರು.

"ತುಮಕೂರಿಂದ."

"ಏನ್ ಕೆಲ್ಸದ ಮೇಲೆ?"

"ಕೆಲ್ಸ ಏನಿಲ್ಲ. ಸುಮ್ನೆ ಸೈಕಲ್ ತುಳಿಯೋಣ ಅಂತ ಬಂದೆ."

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮನೆಯ ಹುಡುಗನಿಗೆ ಕುಣಿಗಲ್ಲಿನಲ್ಲಿ ಹೆಣ್ಣು ಗೊತ್ತಾಗುವುದರಲ್ಲಿತ್ತು. ಮಾತು ಪಕ್ಕಾ ಆಗುವ ಮುಂಚೆ ಹೆಣ್ಣಿನ ಕಡೆಯವರು ಗುರುತಿಲ್ಲದ ಒಬ್ಬರನ್ನು ಕಳಿಸಿ ಮನೆತನ ವಿಚಾರಿಸುವುದು ಆ ಕಡೆಯ ವಾಡಿಕೆ. ಯಾರೋ ಬರುತ್ತಾರೆಂದು ವಾರದಿಂದ ಎಲ್ಲರೂ ಕಾಯುತ್ತಿದ್ದರು.

ಅಜ್ಜಿ ಒಳಗೆ ಹೋಗಿ ಸೊಸೆಗೆ ಪಿಸುಗುಟ್ಟಿದ್ದು ಹೊರಗಿನವರಿಗೂ ಕೇಳಿಸಿತು. "ಐವತ್ತರ ಹತ್ರ ಬಂದಿರೋ ಗಂಡ್ಸು, ಕೆಲ್ಸ ಇಲ್ದೆ ತುಮ್ಕೂರಿಂದ ಇಲ್ಲೀಗಂಟ ಸೈಕಲ್ ತುಳ್ಕಂಡ್ ಬತ್ತಾನೇನೇ? ಹೆಣ್ಣಿನ್ ಕಡೆಯೋರೇ ಕಣೇ! ಒತ್ತುಶ್ಯಾವಿಗೆಗೆ ಇಡು."

ಹನುಮಂತರಾಜು ಗಾಬರಿಯಾದ. "ಸ್ವಾಮಿ, ನಾನು ಯಾವ ಹೆಣ್ಣಿನ ಕಡೆಯವ್ನೂ ಅಲ್ಲ."

"ಗೊತ್ತು ಗೊತ್ತು," ಎಂದು ಅಣ್ಣಯ್ಯಪ್ಪ ಕಣ್ಣು ಮಿಟುಕಿಸಿದರು. "ಗುಟ್ಟಾಗಿ ಬಂದೋರು ಹಂಗೇ ಹೇಳ್ಬೇಕು."

"ದೇವ್ರಾಣೆಗೂ ನನಗೆ ಕುಣಿಗಲ್ಲಲ್ಲಿ ಯಾರೂ ಇಲ್ಲ!"

"ಕುಣಿಗಲ್ ಅಂತ ನಾನ್ ಹೇಳೇ ಇರ್ಲಿಲ್ವಲ್ಲ!" ಎಂದು ಅಣ್ಣಯ್ಯಪ್ಪ ತೊಡೆ ತಟ್ಟಿಕೊಂಡು ನಕ್ಕರು. ಪಾಪ, ಆ ಹೆಸರನ್ನು ಅಜ್ಜಿ ಆಗಲೇ ಒಳಗಿನಿಂದ ನಾಲ್ಕು ಸಲ ಪಿಸುಗುಟ್ಟಿದ್ದಳು. ಇನ್ನು ಬಾಯಿ ಬಿಟ್ಟಷ್ಟೂ ಕೆಡುಕೆಂದು ಹನುಮಂತರಾಜು ಸುಮ್ಮನಾದ. ಸುಮ್ಮನಾದದ್ದು ಒಪ್ಪಿಕೊಂಡ ಹಾಗಾಯಿತು.

ಆಮೇಲೆ ಶುರುವಾಯಿತು ಉಪಚಾರ. ಬಿಸಿ ಶ್ಯಾವಿಗೆ, ಕಾಯಿಹಾಲು, ಮುದ್ದೆ, ಅವರೆಕಾಳಿನ ಸಾರು, ಅಂಗೈಯಲ್ಲಿ ಹಿಡಿಯದಷ್ಟು ತುಪ್ಪ. ಸಾಕೆಂದರೆ ಅಜ್ಜಿ ಕೇಳಲಿಲ್ಲ. ಮದುವೆ ಗಂಡು ತನ್ನ ಡಿಗ್ರಿಯಿಂದ ಹಿಡಿದು ಬೋರ್‌ವೆಲ್ಲಿನ ಆಳದವರೆಗೆ ಎಲ್ಲವನ್ನೂ ವಿನಯದಿಂದ ಒಪ್ಪಿಸಿದ. ಯಲ್ಲಯ್ಯನನ್ನು ಯಾರೂ ಹೆಚ್ಚಾಗಿ ವಿಚಾರಿಸಲಿಲ್ಲ. ಅವನು ನೀರು ಬೇಕೆಂದು ಅಡುಗೆಮನೆಗೆ ಹೋದ, ಕೈ ತೊಳೆಯಬೇಕೆಂದು ಹಿತ್ತಲಿಗೆ ಹೋದ, ಹಸು ಕೂಗಿತೆಂದು ಕೊಟ್ಟಿಗೆಗೂ ಹೋಗಿಬಂದ.

ಮಧ್ಯಾಹ್ನ ಬ್ಯಾಟರಿ ತುಂಬಿತು. ಹೊರಡುವಾಗ ಪಂಚೆ ಬಿಚ್ಚಿಕೊಡಲು ಹೋದರೆ ಅಜ್ಜಿ ತಡೆದಳು. "ಅದು ನಿಂದೇ ಕಣಪ್ಪ. ಹೆಣ್ಣು ಕೊಡ್ಲಿ ಬುಡ್ಲಿ, ಮನೆಗ್ ಬಂದೋನು ಹಂಗೇ ಹೋಗ್ಬಾರ್ದು."

ಹನುಮಂತರಾಜು ಪಂಚೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. ಅಜ್ಜಿಯ ಕಾಲು ಮುಟ್ಟಿ ಹೊರಟ. ಮೊಪೆಡ್ ಏರಿದ ಯಲ್ಲಯ್ಯ ಗುಬ್ಬಿಯವರೆಗೆ ಪಕ್ಕದಲ್ಲೇ ಬಂದ. ತಿರುವಿನಲ್ಲಿ ಹನುಮಂತರಾಜು ಸೈಕಲ್ ನಿಲ್ಲಿಸಿ ಸಂಕಟ ತೋಡಿಕೊಂಡ.

"ಯಲ್ಲಯ್ಯ, ಎಂಥ ಜನ ಮಾರಾಯ! ಅವ್ರ ಅನ್ನ ತಿಂದು ಮೋಸ ಮಾಡ್ಬಿಟ್ಟೆ. ನನ್ನೇ ನೆಚ್ಕೊಂಡ್ ಕೂತವ್ರೆ. ಕುಣಿಗಲ್ಲಿಂದ ಯಾರೂ ಬರ್ದೇ ಹೋದ್ರೆ ಎಷ್ಟು ನೊಂದ್ಕೋತಾರೋ."

ಯಲ್ಲಯ್ಯ ಎಲೆಯಡಿಕೆ ಉಗಿದು ಬಾಯೊರೆಸಿಕೊಂಡ. "ಬಂದಾಯ್ತಲ್ಲ ಅಣ್ಣೋ. ಹೆಣ್ಣಿನ ಸೋದರಮಾವ ನಾನೇ."

ಹನುಮಂತರಾಜು ಸೈಕಲ್ಲಿನಿಂದ ಕೆಳಗಿಳಿದ.

"ಬೆಳಿಗ್ಗೆಯಿಂದ ಆ ಮರದ ಕೆಳಗೆ ಕೂತಿದ್ದೆ, ಒಳಗ್ ಹೋಗಾಕೆ ನೆಪ ಸಿಕ್ದೆ. ದೇವ್ರು ನಿಮ್ಮುನ್ನ ಕಳಿಸ್ದ. ಮನೆಯೋರ ಕಣ್ಣೆಲ್ಲ ನಿಮ್ ಮೇಲೆ. ನಿಮ್ ಮುಂದೆ ಒಳ್ಳೇರಾಗಿರೋದೇನ್ ದೊಡ್ಡದು ಬುಡಿ. ಹಿತ್ಲಲ್ಲಿ ನನ್ನಂಥ ಸೈಕಲ್ ತಳ್ದೋನ್ಗೂ ಆ ಹುಡುಗ ಮಣೆ ಹಾಕಿ ಕೂರಿಸಿ, ನಿಮಗೆ ಹಾಕಿದಷ್ಟೇ ತುಪ್ಪ ಹಾಕ್ದ. ನಮ್ ಹುಡುಗೀನ ಕಣ್ಮುಚ್ಕಂಡ್ ಕೊಡ್ತೀವಿ." ಅವನು ಹನುಮಂತರಾಜುವಿನ ಎರಡೂ ಕೈ ಹಿಡಿದುಕೊಂಡ. "ನಿಮ್ ಉಪ್ಕಾರ ಮರೆಯಾಕಿಲ್ಲ. ಫೋನ್ ನಂಬರ್ ಕೊಡಿ."

ತನ್ನ ನಂಬರಿನ ಜೊತೆಗೆ ಹೆಂಡತಿಯದನ್ನೂ ಕೊಡುವಾಗ ಹನುಮಂತರಾಜುವಿನ ಎದೆ ಹಗುರಾಗಿತ್ತು. ತನ್ನ ದಡ್ಡತನದಿಂದ ಒಂದು ಒಳ್ಳೆಯ ಮನೆಗೆ ಒಳ್ಳೆಯ ಸೊಸೆ ಬರುತ್ತಾಳಲ್ಲ, ಇದಕ್ಕಿಂತ ಬೇರೆ ಭಾನುವಾರ ಬೇಕೇ? ಈ ಸಲ ಪೆಡಲ್ ತುಳಿದುಕೊಂಡೇ ಊರಿಗೆ ಬಂದ. ಮುಂದಿನ ವಾರ ಬೇರೆ ದಾರಿ, ಪೂರ್ತಿ ಏಕಾಂತ ಎಂದು ಲೆಕ್ಕ ಹಾಕುತ್ತ ಬೀದಿಗೆ ತಿರುಗಿದರೆ ಮನೆಯ ಗೇಟಿನಲ್ಲಿ ಜನ ಸೇರಿದ್ದರು.

"ಯಲ್ಲಯ್ಯ ಅಂತ ಫೋನ್ ಮೇಲೆ ಫೋನು. ನೀವು ಎತ್ತಲಿಲ್ಲ ಅಂತ ನನ್ ನಂಬರ್ಗೇ ಮಾಡವ್ರೆ," ಎಂದಳು ಗಂಗಲಕ್ಷ್ಮಿ, ಮುಖವೆಲ್ಲ ಹೆಮ್ಮೆ. "ಅವ್ರ ನೆಂಟರಲ್ಲಿ ಇನ್ನೂ ಎಷ್ಟೋ ಗಂಡು ವಿಚಾರಿಸೋದು ಬಾಕಿ ಇದ್ಯಂತೆ. ಮುಂದಿನ್ ಭಾನುವಾರ ಹೆಬ್ಬೂರು, ಅದರ್ ಮುಂದಿನದು ಊರ್ಡಿಗೆರೆ. ಇದೇ ಬಟ್ಟೇಲಿ ಬರ್ಬೇಕಂತೆ. ನಾನೂ ಹ್ಞೂಂ ಅಂದ್ಬಿಟ್ಟೆ."

"ನನ್ ತಂಗಿ ಮಗ್ಳಿಗೂ ಒಂದ್ ಮನೆ ನೋಡ್ಬೇಕು ಕಣ್ಲಾ," ಎಂದರು ಕೆಂಪಯ್ಯ ಮೇಷ್ಟ್ರು.

"ನಾನು ಬೈಕಲ್ಲಿ ಹಿಂದೆ ಬರ್ತೀನಿ ಅಣ್ಣ, ಊಟಕ್ಕೆ ಕರೆದ್ರೆ ಇಬ್ರು ಇರ್ಲಿ," ಎಂದ ಅಂಜನ್‌ಕುಮಾರ್.

'ಆಗಲ್ಲ' ಎನ್ನಲು ಹನುಮಂತರಾಜು ಬಾಯಿ ತೆರೆದ. ಅಷ್ಟರಲ್ಲಿ ಗಂಗಲಕ್ಷ್ಮಿ ಅವನ ಕೈಯಿಂದ ಚಾರ್ಜರ್ ಕಸಿದುಕೊಂಡು ಒಳಗೆ ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಳು.

"ಚಾರ್ಜ್ ಹಾಕ್ಬೇಡ್ರೀ. ಸರಿಯಾಗಿ ಆ ಮನೆ ಮುಂದೇನೇ ಮುಗೀಬೇಕು ಅಂತ ಹೇಳವ್ರೆ."