ಎರ್ರಿಯಪ್ಪನ ಒಪ್ಪತ್ತು

ಅದಿರು ಕೊಳ್ಳುವವರಿಲ್ಲದೆ ಗಣಿ ನಿಂತ ಮೇಲೆ, ಬಂಡ್ರಿಯ ಟಿಪ್ಪರ್ ಡ್ರೈವರ್ ಎರ್ರಿಯಪ್ಪನ ಮನೆಯಲ್ಲಿ ಬೆಳಗಿನ ತಿಂಡಿಯೂ ನಿಂತಿತ್ತು. ಇದು ಓಣಿಗೆ ತಿಳಿಯಬಾರದೆಂಬುದೊಂದೇ ಅವನ ಹಟ. ಆ ಸೋಮವಾರ ಪಕ್ಕದ ಮನೆಯ ಹೊನ್ನೂರಮ್ಮ ಕಟ್ಟೆಯ ಮೇಲಿಂದ, "ನಾಷ್ಟಾ ಆತೇನೋ ಎರ್ರಿಯಪ್ಪಾ?" ಎಂದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಇಲ್ಲಕ್ಕಾ, ಸೋಮವಾರ ಒಪ್ಪತ್ತು ಹಿಡಿದೀನಿ. ಹೊತ್ತು ಮುಳುಗಿದ ಮ್ಯಾಲ ಒಂದ ಊಟ."

ಹೊನ್ನೂರಮ್ಮ ಕೈಮುಗಿದಳು. ಎರ್ರಿಯಪ್ಪನಿಗೂ ಹಿತವೆನಿಸಿತು. ಆದರೆ ಬೀದಿ ತಿರುಗುತ್ತಲೇ ಅಕ್ಕಿ ಅಂಗಡಿಯ ವಿರೂಪಾಕ್ಷಪ್ಪ ಸಿಕ್ಕ.

"ಮೊಮ್ಮಗನ ತೊಟ್ಲ ಕಾರ್ಯ ಐತಿ. ಹೋಳಿಗಿ ಊಟ. ತಪ್ಪಿಸಬ್ಯಾಡಪಾ!"

ಒಪ್ಪತ್ತು ಅಲ್ಲೇ ಮರೆತುಹೋಯಿತು. ಮಧ್ಯಾಹ್ನ ಎರ್ರಿಯಪ್ಪ ಎಲ್ಲರಿಗಿಂತ ಮೊದಲೇ ಪಂಕ್ತಿಯಲ್ಲಿ ಕೂತ. ಹೋಳಿಗೆ ಇನ್ನೇನು ಎಲೆಗೆ ಬೀಳಬೇಕು, ಬಡಿಸಲು ಬಂದಿದ್ದ ಹೊನ್ನೂರಮ್ಮ ಚೀರಿದಳು: "ಅಯ್ಯಯ್ಯೋ, ಅವರಿಗೆ ಹಾಕಬ್ಯಾಡ್ರಿ! ಒಪ್ಪತ್ತು ಹಿಡಿದಾರ!"

ಎಲೆ ಮಾಯವಾಯಿತು. ಅವನನ್ನು ತೊಟ್ಟಿಲ ಪಕ್ಕದ ಮಣೆಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೂಸನ್ನು ತೊಡೆಯ ಮೇಲಿಟ್ಟರು.

ತುಪ್ಪದ ಘಮಕ್ಕೆ ಅವನ ಕಣ್ಣು ಎಳೆಯಿತು. ಸಂಡೂರಿನ ಸುತ್ತಲಿನ ಕೆಂಪು ಗುಡ್ಡಗಳೆಲ್ಲ ಮೆಲ್ಲಗೆ ಹೂರಣವಾದವು. ಅವನ ಟಿಪ್ಪರ್ ಸದ್ದಿಲ್ಲದೆ, ತೇಲಿದಂತೆ ಘಾಟಿ ಇಳಿಯುತ್ತಿತ್ತು. ರಸ್ತೆಯ ಪಕ್ಕ ತುಪ್ಪದ ಹಳ್ಳ. ಚೆಕ್‌ಪೋಸ್ಟಿನವನು ಪರ್ಮಿಟ್ ಕೇಳಲಿಲ್ಲ, ಸೌಟು ಹಿಡಿದು ನಿಂತಿದ್ದ.

"ಇನ್ನಷ್ಟು ತುಪ್ಪ ಹಾಕ್ರಿ..." ಎಂದು ಎರ್ರಿಯಪ್ಪ ಕನವರಿಸಿದ.

"ನೋಡ್ರಿ, ನಿದ್ದ್ಯಾಗೂ ದೇವರ ತುಪ್ಪದ ದೀಪಾನ ಕಾಣಾಕ ಹತ್ತೈತಿ!" ಎಂದು ಹೊನ್ನೂರಮ್ಮ ಕಣ್ಣೊರೆಸಿಕೊಂಡಳು.

ತೊಡೆ ಬೆಚ್ಚಗಾಗಿ ಎಚ್ಚರವಾಯಿತು. ಕೂಸು ತನ್ನ ಕೆಲಸ ಮುಗಿಸಿತ್ತು. ವಿರೂಪಾಕ್ಷಪ್ಪ ಭಕ್ತಿಯಿಂದ ಬಾಗಿ, "ಸಂಜಿಗೆ ನಿಮ್ಮ ಮನಿಗೇ ಡಬ್ಬಿ ತುಂಬ ಹೋಳಿಗಿ ಕಳಸ್ತೀನ್ರಿ" ಎಂದ. ಎರ್ರಿಯಪ್ಪನಿಗೆ ಅವನ ಕಾಲಿಗೇ ಬೀಳಬೇಕೆನಿಸಿತು.

ಹೊತ್ತು ಮುಳುಗಿತು. ಸ್ನಾನ ಮಾಡಿ ತಾಟಿನ ಮುಂದೆ ಕೂತರೆ, ಹೆಂಡತಿ ಸುಮಂಗಲಾ ಒಂದು ಜೋಳದ ರೊಟ್ಟಿ, ಚೂರು ಖಾರ ಇಟ್ಟಳು.

"ಡಬ್ಬಿ ಬರ್ಲಿಲ್ಲೇನು?"

"ಬಂದಿತ್ತು. ಹೊನ್ನೂರಮ್ಮನೇ ತಂದಿದ್ಲು. ಇಸಗೊಂಡ್ರ ನಮ್ಮನಿ ಕತಿ ಓಣಿಗೆಲ್ಲಾ ಗೊತ್ತಾಗೂದಿಲ್ಲೇನ್ರಿ? ನಮ್ಮನ್ಯಾಗೂ ಇವತ್ತು ಹೋಳಿಗಿನಾ ಅಂತ ಹೇಳಿ ವಾಪಸ್ ಕಳಿಸಿದೆ!"

ಮನೆಯ ಮಾನ ಉಳಿಸಿದ ಹೆಮ್ಮೆಯಿಂದ ಅವಳ ಮುಖ ಅರಳಿತ್ತು. ಬೈಯಲು ಎರ್ರಿಯಪ್ಪನಿಗೆ ಮನಸ್ಸೂ ಬರಲಿಲ್ಲ, ತ್ರಾಣವೂ ಇರಲಿಲ್ಲ.

"ಆಕಿ ಏನಂದ್ಲು?"

"ಒಪ್ಪತ್ತಿನವರ ಮನಿ ಹೋಳಿಗಿ ಅಂದ್ರ ಪ್ರಸಾದ, ಬಿಡಬಾರದು, ಓಣಿ ಹೆಣ್ಮಕ್ಕಳನ್ನೆಲ್ಲಾ ಕರ್ಕೊಂಡ ಬರ್ತೀನಂದ್ಲು."

ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿಸಿತು.