ನನಗೆ ಬರಬೇಕಿದ್ದ ಆಯೇರಿ

ಮರ್ಯಾದೆ ಕಳೆದುಕೊಳ್ಳಲು ಕೆಲವರು ಏನಾದರೂ ತಪ್ಪು ಮಾಡಬೇಕಾಗುತ್ತದೆ. ನನಗೆ ಆ ತೊಂದರೆಯಿಲ್ಲ. ಸುಮ್ಮನೆ ಒಂದು ಪಾತ್ರ ಮಾಡಿದರೆ ಸಾಕು, ಉಳಿದದ್ದನ್ನು ನಮ್ಮ ಮಂದಿ ನೋಡಿಕೊಳ್ಳುತ್ತಾರೆ. ಈಗ ಧಾರಾವಾಹಿ, ಸಿನಿಮಾ ಅಂತ ಬೆಂಗಳೂರಿನಲ್ಲಿ ಓಡಾಡಿಕೊಂಡಿದ್ದೇನೆ. ಯಾರಾದರೂ "ಮೊದಲು ಎಲ್ಲಿ ನಟಿಸಿದ್ರಿ?" ಎಂದು ಕೇಳಿದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಮೊದಲನೇ ಸಾವು

ಮುಧೋಳದ ಕಡೆ ಕಬ್ಬಿನ ಹೊಲಗಳ ನಡುವೆ ನಮ್ಮೂರು. ಅಲ್ಲಿ ವರ್ಷಕ್ಕೊಮ್ಮೆ ಹುಡುಗರೆಲ್ಲ ಸೇರಿ ನಾಟಕ ಆಡುತ್ತಾರೆ. ಆದರೆ ನಾಟಕಕ್ಕಿಂತ ದೊಡ್ಡದು ಆಯೇರಿ. ಪಾತ್ರಧಾರಿಯ ಕೆಲಸ ಮನಸ್ಸಿಗೆ ಬಂದರೆ ನೋಡುವವರು ನಡುವೆಯೇ ಎದ್ದು, ಸ್ಟೇಜ್ ಹತ್ತಿ, ಅವನ ಹೆಗಲಿಗೆ ಹೊಸ ಟಾವೆಲ್ ಹಾಕಿ ಕೈಗೆ ತೆಂಗಿನಕಾಯಿ ಕೊಡುತ್ತಾರೆ. ಮೈಕಿನವನು ಕೊಟ್ಟವರ ಹೆಸರು ಕೂಗುತ್ತಾನೆ. ಆಗ ಸ್ಟೇಜಿನ ಮೇಲೆ ಯುದ್ಧ ನಡೆದಿದ್ದರೂ ನಿಲ್ಲಬೇಕು. ಸತ್ತವನಿಗೆ ಆಯೇರಿ ಬಂದರೆ ಅವನು ಎದ್ದು, ತೆಗೆದುಕೊಂಡು, ಕೊಟ್ಟವರ ಕಾಲು ಮುಟ್ಟಿ, ಮತ್ತೆ ಮಲಗಿ ಸಾಯಬೇಕು. ಏಳದಿದ್ದರೆ ಸೊಕ್ಕು ಬಂದಿದೆ ಎಂದು ಊರು ಆಡಿಕೊಳ್ಳುತ್ತದೆ.

ಕಾಲೇಜಿಗೆ ಹೋಗುವಾಗ ನನಗೆ ನಾಯಕನ ತಮ್ಮನ ಪಾತ್ರ ಸಿಕ್ಕಿತು. ಖಳನಾಯಕ ನಮ್ಮೂರ ಟ್ರ್ಯಾಕ್ಟರ್ ಡ್ರೈವರ್. ಅವನು ಚಾಕು ಹಾಕಿದ, ನಾನು ಬಿದ್ದೆ. ಆಗ ಜೀರ್ ಜೀರ್ ಅಂತ ಚಪ್ಪಲಿಯ ಸದ್ದು ಕೇಳಿತು. ಊರಲ್ಲಿ ಅಷ್ಟು ಜೋರಾಗಿ ಕಿರುಗುಟ್ಟುವ ಚರ್ಮದ ಚಪ್ಪಲಿ ನಮ್ಮ ಅಪ್ಪನವು ಮಾತ್ರ. ಸ್ಟೇಜಿನ ಕೆಳಗೆ ಸದ್ದು ನಿಂತಿತು. ಅಪ್ಪ ಚಪ್ಪಲಿ ಬಿಟ್ಟು ಮೇಲೆ ಬರುತ್ತಿದ್ದಾನೆ ಎಂದುಕೊಂಡೆ. ಒಂದು ಕಣ್ಣು ತೆರೆದು ನೋಡಿದರೆ ಕೈಯಲ್ಲಿ ಹೊಸ ಟಾವೆಲ್. ಎದೆ ಉಬ್ಬಿತು. ಮೊಣಕೈ ಊರಿ ಅರ್ಧ ಎದ್ದು ಕುಳಿತೆ.

ಅಪ್ಪ ನನ್ನನ್ನು ದಾಟಿಕೊಂಡು ಹೋಗಿ ಡ್ರೈವರನ ಹೆಗಲಿಗೆ ಟಾವೆಲ್ ಹಾಕಿದ.

"ಮಲಕ್ಕೋಪಾ, ನಿನಗಲ್ಲ ಅದು" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ನಾಟಕದಲ್ಲಿ ಅದಕ್ಕಿಂತ ಹೆಚ್ಚು ನಗು ಯಾವ ಮಾತಿಗೂ ಬರಲಿಲ್ಲ.

ಮನೆಗೆ ಬಂದು ಕೇಳಿದೆ, "ಯಪ್ಪಾ, ನನ್ನ ಕೊಂದಂವಗ ಆಯೇರಿ ಮಾಡ್ತಿಯಲ್ಲೋ?"

"ಅಂವಾ ಮನಸಿಟ್ಟು ಕೊಂದ. ನೀ ಸತ್ತ ಮ್ಯಾಲೂ ಯಾರ್ಯಾರ ಬಂದಾರಂತ ನೋಡಾಕತ್ತಿದ್ದಿ. ಮೊದಲ ಛಲೋ ಸಾಯಾಕ ಕಲಿ, ಆಮ್ಯಾಲ ನೋಡೂನು."

ನಾನು ಬೆಂಗಳೂರಿಗೆ ಹೋಗಿದ್ದು ಕಲಾಸೇವೆಗೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಖರೆ ಹೇಳಬೇಕೆಂದರೆ, ಅಪ್ಪನ ಕೈಯಿಂದ ಆ ಟಾವೆಲ್ ಹಾಕಿಸಿಕೊಳ್ಳಬೇಕಿತ್ತು.

ಮುಧೋಳದವನಾದ ತಪ್ಪಿಗೆ

ಮೊದಲ ಧಾರಾವಾಹಿಯ ನಿರ್ದೇಶಕರು ಊರು ಕೇಳಿದರು. ಮುಧೋಳ ಎಂದೆ.

"ಹಾಗಿದ್ರೆ ನಾಯಿ ಹಿಡಿಯೋದು ನಿಮಗೆ ಹೇಳಿಕೊಡಬೇಕಾಗಿಲ್ಲ ಬಿಡಿ" ಎಂದರು.

ನಮ್ಮ ಮನೆಯಲ್ಲಿ ಇದ್ದದ್ದು ಎಮ್ಮೆಗಳು. ತಿಮ್ಮಾಪುರದ ನಾಯಿ ಕೇಂದ್ರವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ನಮ್ಮೂರ ಕಡೆಗೆ ಹೆಸರು ತಂದ ಆ ಬೇಟೆ ನಾಯಿಗೂ ನನಗೂ ಪರಿಚಯವೇ ಇರಲಿಲ್ಲ. ಆದರೂ ತಲೆಯಾಡಿಸಿದೆ. ಶ್ರೀಮಂತರ ಬಂಗಲೆಯ ಮುಂದೆ ನಾಯಿ ಹಿಡಿದು ನಿಂತು, "ಸಾಹೇಬರು ಮನೆಯಲ್ಲಿಲ್ಲ" ಅನ್ನಬೇಕು. ಅಷ್ಟೇ ನನ್ನ ಪಾತ್ರ. "ಸಾಹೇಬರು" ಎನ್ನುವಷ್ಟರಲ್ಲಿ ಗಿಡದಿಂದ ಅಳಿಲು ಇಳಿಯಿತು. ಮುಧೋಳ ನಾಯಿ ಓಡಿದರೆ ಏನಾಗುತ್ತದೆ ಎಂದು ಗೊತ್ತಿದ್ದವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲ. ನಾನು ಸುತ್ತಿಕೊಂಡಿದ್ದೆ. ಹುಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಎಳೆಸಿಕೊಂಡು ಆ ಬಂಗಲೆಯ ಹಿತ್ತಲನ್ನೂ ನೋಡಿ ಬಂದೆ. ನಿರ್ದೇಶಕರಿಗೆ ಅದೇ ಇಷ್ಟವಾಗಿ ಹಾಗೆಯೇ ಇಟ್ಟುಕೊಂಡರು. ನನ್ನ ಮಾತನ್ನು ಅಡುಗೆಯವನ ಪಾತ್ರಕ್ಕೆ ಕೊಟ್ಟರು.

ಅದು ಟೀವಿಯಲ್ಲಿ ಬಂದ ದಿನ ಓಣಿಯವರೆಲ್ಲ ನಮ್ಮ ಮನೆಯಲ್ಲೇ ಕುಳಿತು ನೋಡಿದರಂತೆ. ಅಪ್ಪ ಫೋನ್ ಮಾಡಿದ. ಮಳೆ, ಕಬ್ಬು, ಎಮ್ಮೆ ಎಲ್ಲದರ ಸುದ್ದಿ ಹೇಳಿದ, ಧಾರಾವಾಹಿಯದೊಂದನ್ನು ಬಿಟ್ಟು.

"ಹೆಂಗಿತ್ತಪಾ?" ನಾನೇ ಕೇಳಿದೆ.

"ನಾಯಿ ಬಾಳ ಛಲೋ ಮಾಡೇತಿ. ಈ ಕಡೆ ಬಂದ್ರ ಅದಕ್ಕೊಂದು ಆಯೇರಿ ಮಾಡೂನಂತೀನಿ."

ಬನಹಟ್ಟಿಯ ಮುಖ್ಯ ಅತಿಥಿ

ಬನಹಟ್ಟಿಯಲ್ಲಿ ದೂರದ ಸಂಬಂಧಿಯೊಬ್ಬರು ಸೀರೆ ಅಂಗಡಿ ತೆರೆದರು. ಉದ್ಘಾಟನೆಗೆ ಚಿತ್ರನಟನೇ ಬರಬೇಕೆಂದು ನನ್ನನ್ನು ಕರೆದರು. ಗರಿಗರಿ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಜಮಖಂಡಿಯಲ್ಲಿ ಬಸ್ ಬದಲಿಸಿ, ಹೇಳಿದ್ದಕ್ಕಿಂತ ಮುಂಚೆಯೇ ಹೋಗಿ ಅಂಗಡಿಯಲ್ಲಿ ನಿಂತೆ. ದುರ್ದೈವಕ್ಕೆ ಅಲ್ಲಿ ಕೆಲಸಕ್ಕಿದ್ದ ಹುಡುಗರಿಗೂ ಬಿಳಿ ಅಂಗಿಯನ್ನೇ ಹೊಲಿಸಿದ್ದರು.

ಒಬ್ಬ ಅಕ್ಕ ಬಂದು "ಆ ಹಸರ ಅಂಚಿಂದು ತಗೀಪಾ" ಎಂದಳು. ನಾನು ಯಾರೆಂದು ಹೇಳಿಕೊಳ್ಳಲು ನಾಚಿಕೆಯಾಗಿ ತೆಗೆದೆ. ಒಂದು ತೆಗೆದ ಮೇಲೆ ಇನ್ನೊಂದು. ಸಂಬಂಧಿಕರು ಹಾರ ಹಿಡಿದು ನನ್ನನ್ನು ಹುಡುಕುತ್ತ ಬಂದಾಗ ನಾನು ಸೆರಗನ್ನು ಹೆಗಲ ಮೇಲೆ ಹರಡಿಕೊಂಡು ತೋರಿಸುತ್ತಿದ್ದೆ. ಹಾರ ಬಿದ್ದ ಮೇಲೆ ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಟೀವ್ಯಾಗ ನಾಯಿ ಜೋಡಿ ಇದ್ರೆಲ್ಲ, ಅವರನ್ರಿ ನೀವು?"

"ಹೌದ್ರಿ ಅಕ್ಕಾರ" ಎಂದೆ ಖುಷಿಯಾಗಿ.

ಅವಳು ಬಾಗಿಲ ಕಡೆ ನೋಡಿ ಕೇಳಿದಳು, "ಅದನ್ನ ಕರಕೊಂಡ ಬರಲಿಲ್ಲೇನ್ರಿ?"

ಛಲೋ ಸಾವು

ಕೊನೆಗೂ ಒಂದು ಸಿನಿಮಾ ನಮ್ಮ ಕಡೆಯೇ ಬಂತು. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾ ನದಿಯ ದಂಡೆಯಲ್ಲಿ ಶೂಟಿಂಗ್. ನಾನು ನಾಯಕನ ಗೆಳೆಯ, ಸತ್ತು ಬಿದ್ದಿರುತ್ತೇನೆ. ನಾಯಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳಬೇಕು. ಅಪ್ಪನಿಗೆ "ಬಂದು ನೋಡು" ಎಂದು ಹೇಳಿ ಕಳಿಸಿದ್ದೆ. ಈ ಸಲ ಕಣ್ಣು ತೆರೆಯುವುದಿಲ್ಲ ಎಂದು ಆಣೆ ಮಾಡಿಕೊಂಡೇ ಮಲಗಿದೆ.

ನಾಯಕನಿಗೆ ಮಧ್ಯಾಹ್ನವೆಲ್ಲ ಅಳು ಬರಲಿಲ್ಲ. ಮೈಮೇಲೆ ಇರುವೆ ಹರಿದವು. ನಾನು ಅಲುಗಲಿಲ್ಲ. ಹೊತ್ತು ಮುಳುಗುವಾಗ, "ಇದೇ ಕೊನೆಯ ಟೇಕ್, ಬೆಳಕು ಹೋಗ್ತಾ ಇದೆ" ಎಂದರು ನಿರ್ದೇಶಕರು. ಆಗ ನಾಯಕ ನಿಜವಾಗಿಯೂ ಅತ್ತ. ಅವನ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು. ಇಡೀ ಸೆಟ್ ಗಪ್ ಚಿಪ್.

ಜೀರ್. ಜೀರ್. ಜೀರ್.

ಸದ್ದು ಹತ್ತಿರ ಬಂದು ನಿಂತಿತು. ಅಪ್ಪ ಚಪ್ಪಲಿ ಬಿಟ್ಟ. ಧೋತರ, ತಲೆಗೆ ಸುತ್ತಿದ ಪಟಗಾ ನೋಡಿ ಇವರೂ ಸಿನಿಮಾದವರೇ ಎಂದು ಸೆಟ್ಟಿನ ಹುಡುಗರು ದಾರಿ ಬಿಟ್ಟಿದ್ದರಂತೆ. ಹೆಗಲ ಮೇಲೆ ಹೊಸ ಟಾವೆಲ್ ಬಿತ್ತು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು.

ಮುಂದಿನದನ್ನು ನಾನು ಮಾಡಲಿಲ್ಲ, ನನ್ನ ಊರು ಮಾಡಿತು. ಹೆಣ ಎದ್ದು ಕುಳಿತಿತು. ತೆಂಗಿನಕಾಯಿ ತೆಗೆದುಕೊಂಡಿತು. ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿತು. ಆಮೇಲೆ ನಾಯಕನ ತೊಡೆಯ ಮೇಲೆ ತಲೆ ಇಟ್ಟು ಮೊದಲಿನಂತೆಯೇ ಕಣ್ಣು ಮುಚ್ಚಿ ಸತ್ತಿತು.

ಕಣ್ಣು ಮುಚ್ಚಿದ ಮೇಲೆ ಏನು ಮಾಡಿದೆನೆಂದು ಹೊಳೆಯಿತು. ನಾಚಿಕೆಗೆ ಖರೆಯೇ ಜೀವ ಹೋದರೆ ಸಾಕೆನಿಸಿತು. ಆದರೂ ಟಾವೆಲ್ಲಿನ ತುದಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.

"ಯಾರ್ರೀ ನೀವು?" ನಿರ್ದೇಶಕರು ಓಡಿ ಬಂದರು.

"ನಾ ಈ ಹೆಣದ ಅಪ್ಪ ರೀ."

ಸೆಟ್ಟಿನಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕರು ನನ್ನ ಕಡೆ ತಿರುಗಿದರು. "ಅವರಿಗೆ ಗೊತ್ತಾಗಲಿಲ್ಲ, ಸರಿ. ನಿಮಗೇನಾಗಿತ್ತು? ಯಾಕ್ರೀ ಎದ್ರಿ?"

ನಾನು ಉಸಿರು ಬಿಡಲಿಲ್ಲ. ಉತ್ತರ ಕೊಟ್ಟಿದ್ದು ಅಪ್ಪ, ಬಹಳ ಮೆತ್ತಗೆ.

"ಈಗ ಅವನ್ನ ಮಾತಾಡಸಬ್ಯಾಡ್ರಿ ಸಾಹೇಬ್ರ. ಹುಟ್ಟಿದಾಗಿಂದ ಇವತ್ತ ಮೊದಲನೇ ಸಲ ಛಲೋ ಸತ್ತಾನ."