ಆಮೆಯ ಗಂಟಲಲ್ಲಿ ನಿಮ್ಮ ತಾತನ ಹೆಸರು

ನಿಮ್ಮ ಅಜ್ಜಿ ಪುಕ್ಕಲಿ ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಿಲ್ಲುವವಳು ನಾನು. ಕಂಡಕ್ಟರ್ ಚಿಲ್ಲರೆ ಕೊಡಲು ಮರೆತರೆ ಕೇಳಲು ನಾಚಿಕೊಂಡು ಹಾಗೇ ಇಳಿದುಬಿಡುವವಳು. ಹಲ್ಲಿ, ಗುಡುಗು, ಹೊಸ ಬೀಗರು, ಎಲ್ಲಕ್ಕೂ ಹೆದರುತ್ತೇನೆ. ಆದರೆ ಇವೆಲ್ಲ ನಮ್ಮ ಕಡೆಯ ಭಯಗಳು. ತೋವಿನಕೆರೆ ಪಕ್ಕದ ಹಳ್ಳಿಯಲ್ಲಿ ಏಳನೆಯ ತರಗತಿವರೆಗೆ ಓದಿ, ಮಧುಗಿರಿಗೆ ಸೊಸೆಯಾಗಿ ಬಂದು, ಕೆರೆಗಿಂತ ದೊಡ್ಡ ನೀರನ್ನೇ ಕಾಣದ ನಾನು ಸಮುದ್ರಕ್ಕೆ ಹೆದರುತ್ತೇನೆ ಎಂದರೆ ಯಾರಾದರೂ ನಂಬುತ್ತಾರೆಯೇ? ಆ ಭಯವನ್ನು ದಸರಾ ರಜೆಗೆ ಬಂದ ನೀವೇ ನನಗೆ ಅಂಟಿಸಿದಿರಿ.

ಅವತ್ತು ಮಧ್ಯಾಹ್ನ ಟೀವಿಯಲ್ಲಿ ನೀವು ಹಾಕಿದ್ದು ಗೊಂಬೆಗಳ ಸಿನಿಮಾ. ಮೀನುಗಳು ಮಾತಾಡುತ್ತಿದ್ದವು, ಏಡಿಯೊಂದು ಕುಣಿಯುತ್ತಿತ್ತು, ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ನಾನೂ ಅವರೆಕಾಯಿ ಸುಲಿಯುತ್ತಾ ನಗುತ್ತಿದ್ದೆ. ಅಷ್ಟರಲ್ಲಿ ಒಂದು ಆಮೆಮರಿ ತೇಲಿಬಂದ ಪ್ಲಾಸ್ಟಿಕ್ ಕವರನ್ನು ತಿನ್ನುವ ವಸ್ತುವೆಂದು ನುಂಗಿಬಿಟ್ಟಿತು. ಕವರು ಗಂಟಲಲ್ಲಿ ಸಿಕ್ಕಿಕೊಂಡಿತು, ಮರಿಯ ಕಣ್ಣು ಮೇಲೆ ಹೋಯಿತು. ತಾಯಿ ಆಮೆ ಸಮುದ್ರವೆಲ್ಲ ಸುತ್ತಿ "ಯಾರು ಇದನ್ನು ಎಸೆದವರು?" ಎಂದು ಅಳತೊಡಗಿತು. ನನ್ನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು. ಕವರಿನ ಮೇಲೆ ಏನೋ ಅಕ್ಷರಗಳಿದ್ದವು. ಕನ್ನಡವೇನೋ ಎಂದು ಬಗ್ಗಿ ಬಗ್ಗಿ ನೋಡಿದೆ.

"ಅಜ್ಜಿ, ಯಾಕೆ ಹಿಂಗೆ ಬೆವರ್ತಿದೀಯ?" ಎಂದಳು ನಿಮ್ಮ ಪೈಕಿ ಸಿರಿ.

"ಸೆಕೆ ಕಣೆ" ಎಂದು ಅಡುಗೆಮನೆಗೆ ಎದ್ದು ಹೋದೆ. ಸಿನಿಮಾ ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಬೆವರಿದ್ದಕ್ಕೆ ಕಾರಣವಿತ್ತು. ದೇವರಿಗೆ ಏರಿಸಿದ ಹೂವನ್ನು ಕಸಕ್ಕೆ ಹಾಕುವ ರೂಢಿ ನಮ್ಮಲ್ಲಿಲ್ಲ, ಅದು ಯಾರ ಕಾಲಿಗೂ ಸಿಗಬಾರದು. ಒಣಗಿದ್ದನ್ನೆಲ್ಲ ಕೂಡಿಟ್ಟು ಹರಿಯುವ ನೀರಿಗೆ ಬಿಡಬೇಕು. ಹೋದ ವರ್ಷ ಜಯಮಂಗಲಿ ತುಂಬಿ ಹರಿದಾಗ ಊರಿನ ಹೆಂಗಸರೆಲ್ಲ ಬಾಗಿನ ಕೊಡಲು ಹೋದರು. ನಿಮ್ಮ ತಾತ ಹೋದ ಮೇಲೆ ನನಗೆ ಬಾಗಿನದ ಕೆಲಸವಿಲ್ಲವಲ್ಲ, ದೂರದಲ್ಲಿ ನಿಂತಿದ್ದು, ಯಾರೂ ನೋಡದಾಗ ಹೂವಿನ ಕವರನ್ನು ಬಾಯಿ ಕಟ್ಟಿ ಹಾಗೇ ನೀರಿಗೆ ಬಿಟ್ಟೆ. ಅದು ನಿಮ್ಮ ತಾತನ ಬಟ್ಟೆ ಅಂಗಡಿಯ ಹಳದಿ ಕವರು. ಅದರ ಮೇಲೆ ಕೆಂಪು ಅಕ್ಷರದಲ್ಲಿ ಅವರ ಪೂರ್ತಿ ಹೆಸರು. ಮೂವತ್ತೆಂಟು ವರ್ಷ ಸಂಸಾರ ಮಾಡಿ ಒಂದು ದಿನವೂ ಬಾಯಲ್ಲಿ ಹೇಳದ ಹೆಸರನ್ನು ನಾನೇ ಕೈಯಾರೆ ಹೊಳೆಗೆ ಬಿಟ್ಟಿದ್ದೆ. ಒಬ್ಬರಿಗೂ ಬಟ್ಟೆ ಒಂದು ಅಂಗುಲ ಕಡಿಮೆ ಅಳೆದುಕೊಡದ ಮನುಷ್ಯ ಅವರು. ಈಗ ಯಾವುದೋ ಆಮೆ ಸತ್ತು, ಅದರ ಹೊಟ್ಟೆಯಲ್ಲಿ ಅವರ ಹೆಸರು ಸಿಕ್ಕರೆ?

ಓದದವರಿಗೆ ಈ ಕಷ್ಟವಿಲ್ಲ. ನಮ್ಮ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದರು: ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಪಿನಾಕಿನಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇಷ್ಟು ವರ್ಷ ಯಾವ ಉಪಯೋಗಕ್ಕೂ ಬಾರದ ಆ ಪಾಠ ಈಗ ಮೂರು ದಿನ ಅನ್ನ ಇಳಿಯದಂತೆ ಮಾಡಿತು. ಮನೆ ಮುಂದೆ ಜೀಪು ನಿಂತರೆ ಸಮುದ್ರದ ಕಡೆಯವರೇ ಬಂದರೆಂದು ಹಿತ್ತಿಲಿಗೆ ಓಡುತ್ತಿದ್ದೆ. ಕೊನೆಗೆ ತಡೆಯಲಾರದೆ ಸಿರಿಯನ್ನು ಕೇಳಿದೆ: "ಇಲ್ಲಿಂದ ಸಮುದ್ರಕ್ಕೆ ಒಂದು ಕವರು ಹೋಗಬೇಕಾದ್ರೆ ಎಷ್ಟು ದಿನ ಬೇಕೆ?"

ಅವಳು ನನ್ನನ್ನೇ ದಿಟ್ಟಿಸಿದಳು. "ಯಾರ ಕವರು?"

ಹೇಳಿಬಿಟ್ಟೆ. ಒಂಬತ್ತು ವರ್ಷದ ಹುಡುಗಿ ಅಮಲ್ದಾರರ ಹಾಗೆ ಸೊಂಟದ ಮೇಲೆ ಕೈಯಿಟ್ಟು, "ಏಳಜ್ಜಿ, ಹುಡುಕೋಣ" ಎಂದು ಆಟೋ ಹತ್ತಿಸಿದಳು.

ಹೊಳೆಯಲ್ಲಿ ನೀರೇ ಇರಲಿಲ್ಲ. ಮರಳು, ಜಾಲಿಗಿಡ, ಮೇಕೆ ಕಾಯುತ್ತಿದ್ದ ರಂಗಮ್ಮ. ಹಿಂದೆ ನಮ್ಮ ಅಂಗಡಿಗೆ ಬರುತ್ತಿದ್ದವಳು. ನಾನು ಸೆರಗು ಎಳೆದುಕೊಳ್ಳುವ ಮೊದಲೇ ಸಿರಿ ಎಲ್ಲವನ್ನೂ ಅವಳ ಮುಂದೆ ಒದರಿಬಿಟ್ಟಳು.

ರಂಗಮ್ಮ ಕೋಲು ಊರಿಕೊಂಡು ನಕ್ಕಳು. "ಸಮುದ್ರಕ್ಕಾ? ಬುಡಮ್ಮ! ಈ ಹೊಳೆ ನೆಟ್ಟಗೆ ಪಕ್ಕದೂರಿಗೇ ಹೋಗಾಕಿಲ್ಲ. ಅಲ್ನೋಡು, ಎಲ್ಲಾ ಅಲ್ಲೇ ಸಿಕ್ಕಾಕ್ಕೊಂಡವೆ."

ನೋಡಿದೆ. ಜಾಲಿಮುಳ್ಳಿನ ತುಂಬ ಕವರುಗಳು. ನಮ್ಮ ಹೊಳೆ ಇಷ್ಟು ಸೋಮಾರಿಯಾದದ್ದು ಒಳ್ಳೆಯದೇ ಆಯಿತೆಂದು ಕೈ ಮುಗಿಯುವುದರಲ್ಲಿದ್ದೆ.

"ಅಜ್ಜಿ, ತಾತಂದು ಸಿಕ್ತು!" ಎಂದು ಸಿರಿ ಕೂಗಿದಳು. "ಇಲ್ಲೊಂದು! ಇಲ್ಲೂ ಒಂದು! ಇಲ್ನೋಡು, ಇನ್ನೂ ಇವೆ!"

ನಾನು ಬಿಟ್ಟದ್ದು ಒಂದೇ ಒಂದು. ಆದರೆ ಅಂಗಡಿಯಲ್ಲಿ ಅಷ್ಟು ವರ್ಷ ಬಟ್ಟೆ ತುಂಬಿ ತುಂಬಿ ಕೊಟ್ಟವೆಲ್ಲ ಎಲ್ಲಿಗೆ ಹೋದವೆಂದು ನಾವು ಯೋಚಿಸಿಯೇ ಇರಲಿಲ್ಲ. ಮಾಸಿದ ಹಳದಿ, ಅಳಿಸಿದ ಕೆಂಪು, ಗಿಡಗಿಡದಲ್ಲೂ ಅವರ ಹೆಸರು. ಒಂದು ಮೇಕೆ ಆ ಹೆಸರನ್ನೇ ಮೆಲ್ಲಗೆ ಅಗಿಯುತ್ತಿತ್ತು.

"ಏಯ್, ಥೂ, ಉಗಿಯೇ!" ಎಂದು ರಂಗಮ್ಮ ಅದರ ಬಾಯಿಂದ ಕಿತ್ತಳು. "ಯುಗಾದಿಗೆ ಮುಂಚೆ ಒಂದು ಇಂಗೇ ಹೊಟ್ಟೆ ಉಬ್ಬರಿಸ್ಕೊಂಡು ಸತ್ತೋಯ್ತು ಕಣಮ್ಮ. ಕುಯ್ದು ನೋಡಿದ್ರೆ ಒಳಗೆಲ್ಲ ಇಂಥವೇ."

"ಯಾವ ಅಂಗಡಿದು ಅಂತ ನೋಡಿದ್ಯಾ?" ಎಂದೆ.

"ನಂಗೆಲ್ಲಿ ಓದಕ್ ಬತ್ತದೆ? ಬುಡಮ್ಮ, ಯಾರ್ದಾದ್ರೇನು" ಎಂದಳು.

ಅವಳು ಹಾಗೆ ಬೈಯದೆ ಬಿಟ್ಟುಬಿಟ್ಟಿದ್ದಕ್ಕೆ ನನಗೆ ಇನ್ನಷ್ಟು ಹೆದರಿಕೆಯಾಯಿತು. ಅವತ್ತು ಕೈ ತರಚಿಕೊಂಡು ಸಿಕ್ಕಷ್ಟು ಬಿಡಿಸಿದೆವು. ನೀವೆಲ್ಲ ಹೋದ ಮೇಲೂ ಪ್ರತಿ ಸೋಮವಾರ ಬಸ್ಸಿನಲ್ಲಿ ಹೋಗಿ ಬಿಡಿಸುತ್ತಿದ್ದೇನೆ. ಮೊದಲು ಅವರ ಹೆಸರಿನದ್ದು ಮಾತ್ರ ತೆಗೆಯುತ್ತಿದ್ದೆ. ಮೇಕೆಗೂ ಓದಲು ಬರುವುದಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಈಗ ಎಲ್ಲರದ್ದನ್ನೂ ತೆಗೆಯುತ್ತೇನೆ. ಮುಖದವರೆಗೆ ಸೆರಗು ಹೊದ್ದು ಹೋಗುವ ನನ್ನನ್ನು ಕಂಡು, ಬಸ್ಸಿನವರು ಯಾವುದೋ ಸೋಮವಾರದ ವ್ರತವೆಂದುಕೊಂಡು ಸೀಟು ಬಿಟ್ಟುಕೊಡುತ್ತಾರೆ. ಅಲ್ಲವೆಂದು ಹೇಳಲು ನಾಚಿಕೆ.

ಒಂದು ಮಾತು ಮಾತ್ರ ನಿಮ್ಮನ್ನು ಕೇಳಲಾಗದೆ ಉಳಿದಿದೆ. ಆ ಆಮೆಮರಿ ಕೊನೆಗೆ ಬದುಕಿತೇ? ಫೋನಿನಲ್ಲಿ ಹೇಳಬೇಡಿ. ಸಂಕ್ರಾಂತಿಗೆ ಬಂದಾಗ ಹಾಕಿ, ಪೂರ್ತಿ ನೋಡುತ್ತೇನೆ. ಆದರೆ ನಾನು ಕೂರುವುದು ಅಡುಗೆಮನೆ ಬಾಗಿಲ ಪಕ್ಕದಲ್ಲೇ. ಅವರೆಕಾಯಿಯನ್ನೂ ಸುಲಿಯುವುದಿಲ್ಲ. ಎರಡು ಕೈಯೂ ಖಾಲಿ ಇರಲಿ, ಕಣ್ಣು ಮುಚ್ಚಿಕೊಳ್ಳಬೇಕಾಗಬಹುದು.